ಬೆನ್ನ ಹಿಂದಿನ ಕೈ

...ಅಥವಾ ಆ ದಿನ ಕೆರೆಯಲ್ಲಿ ನೀರೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಂತೂ ಇದೆ. ತಾಯಲೂರಿನ ಕೆರೆ ಏರಿ, ಬಲಗಡೆ ಅಂಚಿನವರೆಗೆ ನೀರು, ಆ ನೀರಿನಲ್ಲಿ ತಲೆಕೆಳಗಾಗಿ ಓಡುತ್ತಿರುವ ಇಬ್ಬರು. ಮುಂದೆ ನಾನು, ಹಿಂದೆ ನನ್ನ ಹೆಂಡತಿ. ನಾನು ಎಡಗೈಯನ್ನು ಸೊಂಟದ ಹಿಂದಕ್ಕೆ ತಂದು ಬೆರಳು ಅಲ್ಲಾಡಿಸುತ್ತೇನೆ, ಹತ್ತಿರ ಬಾ ಅಂತ. ನೀರಿನೊಳಗಿನ ಅವಳು ನೀರಿನೊಳಗಿನ ನನಗೆ ಹತ್ತಿರವಾಗುತ್ತಾಳೆ. ಇಷ್ಟೇ ನೆನಪು. ಆದರೆ ಅಮ್ಮನನ್ನು ಕೇಳಿದರೆ ಕೆರೆ ತುಂಬಿದ್ದು ನಮ್ಮ ಮದುವೆಯಾದ ಎರಡನೇ ಮಳೆಗಾಲದಲ್ಲಿ ಅನ್ನುತ್ತಾಳೆ. ನಾವು ಏರಿಯ ಮೇಲೆ ಓಡಲು ಶುರು ಮಾಡಿದ್ದು ಅದಕ್ಕೂ ಹಿಂದಿನ ಬೇಸಿಗೆಯಲ್ಲಿ. ಆಗ ಕೆರೆಯ ತುಂಬ ಜಾಲಿ ಬೆಳೆದಿತ್ತು. ಹಾಗಾದರೆ ನೀರನ್ನು ನಾನೇ ಆಮೇಲೆ ತುಂಬಿಸಿದ್ದೇನೆ. ಮುಂದೆ ಓಡುವವನಿಗೆ ಹಿಂದಿರುವವರು ಕಾಣುವುದಿಲ್ಲ. ನೀರಿದ್ದಿದ್ದರೆ ಮಾತ್ರ ಅವಳು ಹತ್ತಿರ ಬಂದದ್ದು ನನಗೆ ಕಾಣಬಹುದಿತ್ತು. ನೀರಿರಲಿಲ್ಲ. ಮತ್ತೆ ನಾನು ಕಂಡದ್ದೇನು?

ಈ ಪ್ರಶ್ನೆ ನನಗೆ ಹುಟ್ಟಿದ್ದೇ ಈಚೆಗೆ, ಅವರೆಕಾಯಿ ಕಾಲದ ಒಂದು ಭಾನುವಾರ. ಅದಕ್ಕೆ ಮುಂಚೆ ಆ ಕೈಯ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ನಮ್ಮಿಬ್ಬರ ಓಟದ ಕತೆ ಸರಳ. ನಾನು ಕಾಲೇಜಿನಲ್ಲಿ ಐದು ಸಾವಿರ ಮೀಟರ್ ಓಡುತ್ತಿದ್ದವನು. ರಾಜ್ಯ ಮಟ್ಟಕ್ಕೆ ಹೋಗಿ ಅಲ್ಲಿಗೇ ನಿಂತೆ. ಈಗ ವೇಮಗಲ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬಿಡುವಿನಲ್ಲಿ ಬರವಣಿಗೆ. ಅವಳು ಶ್ರೀನಿವಾಸಪುರದ ಕಡೆಯವಳು, ಯಲ್ದೂರಿನ ಮಾವಿನ ತೋಟದ ಮನೆಯ ಹುಡುಗಿ. ಮದುವೆ ಮಾತುಕತೆಯ ದಿನ ಅವಳು ನನ್ನನ್ನು ಕೇಳಿದ್ದು ಒಂದೇ: "ಇವಾಗಲೂ ಓಡ್ತೀರಾ?" ಓಡ್ತೀನಿ ಅಂದೆ. ಓಡುತ್ತಿರಲಿಲ್ಲ. ಆಮೇಲೆ ಓಡಲೇಬೇಕಾಯಿತು.

ಅವಳೂ ದೂರದ ಓಟದವಳೇ, ಅವಳಿಗೆ ಬೇಕಿದ್ದದ್ದು ಮುಂದೆ ಒಂದು ಬೆನ್ನು. ದೂರದ ಓಟದಲ್ಲಿ ಒಬ್ಬರು ಮುಂದೆ ಒಂದೇ ವೇಗದಲ್ಲಿ ಓಡುತ್ತಾ ಗಾಳಿಯನ್ನು ಎದೆಗೆ ತೆಗೆದುಕೊಂಡರೆ ಹಿಂದಿನವರಿಗೆ ಕಾಲೂ ಹಗುರ, ತಲೆಯೂ ಹಗುರ. ಎಷ್ಟು ಜೋರು, ಎಷ್ಟು ನಿಧಾನ ಅಂತ ಲೆಕ್ಕ ಹಾಕುವ ಕೆಲಸ ಮುಂದಿನವರದ್ದು. ದೊಡ್ಡ ಓಟಗಳಲ್ಲಿ ಇದಕ್ಕೇ ದುಡ್ಡು ಕೊಟ್ಟು ಜನರನ್ನು ಕರೆಸುತ್ತಾರೆ, ಪೇಸರ್ ಅನ್ನುತ್ತಾರೆ. ಗೆಲ್ಲುವುದು ಅವರ ಕೆಲಸವಲ್ಲ. ಹೆಂಗಸರ ರಸ್ತೆ ಓಟಗಳಲ್ಲಿ ಗಂಡಸರೇ ಪೇಸರ್ ಆಗುವುದುಂಟು. ನಮ್ಮಲ್ಲಿ ದುಡ್ಡಿಲ್ಲದ ಪೇಸರ್ ನಾನು. ವಾರದ ದಿನಗಳಲ್ಲಿ ಕೋಲಾರದ ಮೈದಾನ, ಒಂದು ದಿನ ಮಾಲೂರಿನ ಆಚೆ ನೀಲಗಿರಿ ತೋಪುಗಳ ನಡುವಿನ ಮಣ್ಣುದಾರಿ, ಭಾನುವಾರ ಅಮ್ಮನನ್ನು ನೋಡಲು ಹೋದಾಗ ತಾಯಲೂರಿನ ಏರಿ.

ಕೈಸನ್ನೆ ಬಂದದ್ದು ಹಸುವಿನಿಂದ. ಚಿಕ್ಕಂದಿನಲ್ಲಿ ಹಸು ಹಿಡಿದುಕೊಂಡು ಕೆರೆಗೆ ಹೋಗುವಾಗ ಹಗ್ಗವನ್ನು ಎಡಗೈಯಲ್ಲಿ ಬೆನ್ನ ಹಿಂದೆ ಹಿಡಿಯುತ್ತಿದ್ದೆ. ಅದು ಹಿಂದೆ ಬಿದ್ದರೆ ಹಗ್ಗ ಬಿಗಿಯುತ್ತದೆ, ಬೆರಳಲ್ಲಿ ಸ್ವಲ್ಪ ಕುಲುಕಿದರೆ ಹೆಜ್ಜೆ ಹಾಕುತ್ತದೆ. ಓಡುವಾಗ ಅವಳ ಹೆಜ್ಜೆ ಸದ್ದು ದೂರವಾಯಿತು ಅನ್ನಿಸಿದರೆ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಎಲ್ಲಿಂದ ಕಲಿತದ್ದು ಅಂತ ಅವಳಿಗೆ ಹೇಳಿಲ್ಲ. ಹೇಳಿದರೆ ಮನೆಯಲ್ಲಿ ಉಳಿಗಾಲವಿಲ್ಲ.

ಊರಿನವರಿಗೆ ಈ ಏರ್ಪಾಟು ಬಹಳ ಹಿಡಿಸಿತು. ಸೊಸೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಏರಿಯ ಮೇಲೆ ಓಡುವುದನ್ನು ಅವರು ಒಪ್ಪಿದ್ದು ಒಂದೇ ಕಾರಣಕ್ಕೆ: ಅವಳು ಗಂಡನ ಹಿಂದೆ ಓಡುತ್ತಿದ್ದಳು. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಪ್ರತಿ ವಾರ ನಮ್ಮನ್ನು ಮಾತಾಡಿಸುತ್ತಿದ್ದಳು.

"ಏನಮ್ಮಾ, ಗಂಡನ್ನ ಅಟ್ಟಿಸ್ಕೊಂಡು ಹೋಗ್ತಿದ್ದೀಯಾ?"

"ಇಲ್ಲ ಅಜ್ಜೀ, ಅವ್ರೇ ಓಡೋಗ್ತಾವ್ರೆ, ನಾನು ಹಿಡ್ಕೊಂಬರೋಕ್ ಹೋಗ್ತಿದ್ದೀನಿ."

"ಹಿಡೀಬೇಡ ಬಿಡು. ಹಿಂದೇನೇ ಇರು. ಹಂಗೇ ಚೆಂದ."

ಒಮ್ಮೆ ನನ್ನ ಕಾಲು ಉಳುಕಿ ಅವಳೊಬ್ಬಳೇ ಏರಿಯ ಮೇಲೆ ಹೋಗಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಸುದ್ದಿ ಅಮ್ಮನಿಗೆ ತಲುಪಿತ್ತು. ಓಡಿದ್ದಕ್ಕಲ್ಲ, ಮುಂದೆ ಯಾರೂ ಇಲ್ಲದೆ ಓಡಿದ್ದಕ್ಕೆ. ನಾನು ನಕ್ಕೆ. ಆದರೆ ಒಳಗೆ ಎಲ್ಲೋ ಹಿತವಾಗಿತ್ತು ಅಂತ ಈಗ ಅನ್ನಿಸುತ್ತದೆ. ಈಗ ಅನ್ನಿಸುವುದೆಲ್ಲ ಆಗ ಇತ್ತೆಂದು ಹೇಳಲು ಬರುವುದಿಲ್ಲ.

ಅವಳು ಬೆಳೆದಳು. ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕಿತು, ಆಮೇಲೆ ಶಿಬಿರ, ಆಮೇಲೆ ಪಾಸ್‌ಪೋರ್ಟು. ಈ ವರ್ಷದ ಮೊದಲಲ್ಲಿ ಶಿಬಿರದ ಕೋಚ್ ಅವಳನ್ನು ಯುರೋಪಿಗೆ ಕರೆದುಕೊಂಡು ಹೋದರು, ಸಮುದ್ರದ ಪಕ್ಕದ ಒಂದು ಊರಿನಲ್ಲಿ ಹತ್ತು ಕಿಲೋಮೀಟರ್ ರಸ್ತೆ ಓಟಕ್ಕೆ.

ವರ್ಷದ ಮೊದಲ ತಿಂಗಳುಗಳೆಂದರೆ ನನಗೆ ಮುಂಚಿನಿಂದಲೂ ಹೊಟ್ಟೆಕಿಚ್ಚಿನ ಕಾಲ. ದೊಡ್ಡ ಪಂದ್ಯಗಳು ಇನ್ನೂ ದೂರ ಇರುತ್ತವೆ. ಹೆಚ್ಚಿನವರು ಮೈ ಕಾಯಿಸಿಕೊಳ್ಳುತ್ತಿರುತ್ತಾರೆ. ಆಗ ಯಾರೋ ಒಬ್ಬರು, ಹೆಸರೇ ಕೇಳಿಲ್ಲದವರು, ಮಂಜು ಬೀಳುವ ಯಾವುದೋ ಊರಿನ ಮುಚ್ಚಿದ ಟ್ರ್ಯಾಕಿನಲ್ಲೋ ಗಾಳಿ ಬೀಸುವ ರಸ್ತೆಯಲ್ಲೋ ಎಲ್ಲರನ್ನೂ ಬೆಚ್ಚಿಬೀಳಿಸುವ ಹಾಗೆ ಓಡಿಬಿಡುತ್ತಾರೆ. ನಾನು ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುತ್ತೇನೆ. ಅವರ ವಯಸ್ಸು ನೋಡುತ್ತೇನೆ. ಅವರ ಶೂ ನೋಡುತ್ತೇನೆ. ಅವರ ಊರಿನ ಹವೆ ನೋಡುತ್ತೇನೆ, ನಮ್ಮ ಧೂಳಿನ ಮೇಲೆ ತಪ್ಪು ಹೊರಿಸಬಹುದಾ ಅಂತ. ಯಾರೂ ನನಗೆ ಏನೂ ಮಾಡಿದವರಲ್ಲ. ಆದರೂ ಅವರು ಬೇಸಿಗೆಯ ಹೊತ್ತಿಗೆ ಸಪ್ಪಗಾದರೆ ನನಗೆ ಊಟ ರುಚಿಸುತ್ತದೆ. ಹೀಗಿರುವಾಗ ಅಂಥ ಓಟವನ್ನು ನನ್ನ ಮನೆಯವಳೇ ಓಡಿದರೆ ನಾನು ಏನು ಮಾಡಬೇಕು?

ಆ ಭಾನುವಾರ ಮಧ್ಯಾಹ್ನ ತಾಯಲೂರಿನ ಮನೆಯ ಜಗಲಿಯಲ್ಲಿ ಅಮ್ಮ ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. ಅವಳ ಓಟ ನೋಡಲು ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದೆ. ಗುಂಡು ಹಾರಿತು. ಗುಂಪು ಹೊರಟಿತು. ಸ್ವಲ್ಪ ಹೊತ್ತಿಗೆಲ್ಲ ಗುಂಪು ಎಳೆದುಕೊಂಡು ಉದ್ದವಾಯಿತು. ಮುಂದಿನ ತುದಿಯಲ್ಲಿ ಒಬ್ಬ ಎತ್ತರದ ಗಂಡಸು, ಅವನ ಬೆನ್ನಿಗೆ ಅಂಟಿಕೊಂಡಂತೆ ನನ್ನ ಹೆಂಡತಿ, ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು.

"ಅವ್ನ್ಯಾರ್ಲಾ ಮುಂದೆ ಓಡ್ತಾವ್ನಲ್ಲಾ?" ಅಂದಳು ಅಮ್ಮ.

"ಪೇಸರ್ ಅಮ್ಮಾ. ವೇಗ ಹಿಡಿಯೋಕೆ ಮುಂದೆ ಬಿಟ್ಟಿರ್ತಾರೆ."

"ಅದು ನಿನ್ನ ಕೆಲ್ಸ ಅಲ್ವೇನೋ?"

"ಅಲ್ಲಿಗೆ ನಾನು ಹೆಂಗ್ ಹೋಗ್ಲಿ?"

"ಕರೀಬೇಕಪ್ಪ ಅವ್ರು. ಗಂಡ ಇರೋ ಹೆಣ್ಣಿಗೆ ಯಾರನ್ನೋ ಮುಂದೆ ಬಿಟ್ಟವ್ರಲ್ಲಾ, ಕೇಳೋರಿಲ್ವಾ?" ಅವರೆಕಾಳು ಅವಳ ಬೆರಳಿನಿಂದ ಜಿಗಿದು ಮೊಬೈಲಿನ ಗಾಜಿಗೆ ಬಡಿಯಿತು. "ನೋಡೋಕೆ ಮಾತ್ರ ಲಕ್ಷಣವಾಗವ್ನೆ."

ಲಕ್ಷಣವಾಗಿಯೇ ಇದ್ದ. ಅದಕ್ಕಿಂತ ಹೆಚ್ಚಾಗಿ ಅವನ ಓಟ ಹಾಗಿತ್ತು. ಭುಜ ಅಲ್ಲಾಡುತ್ತಿರಲಿಲ್ಲ. ನಾನು ಓಡುವಾಗ ನನ್ನ ಬಲಭುಜ ಮೇಲೆ ಕೆಳಗೆ ಕುಣಿಯುತ್ತದೆ. ಹಿಂದಿನವರಿಗೆ ಅದೊಂದು ಕಿರಿಕಿರಿ ಅಂತ ಕಾಲೇಜಿನಲ್ಲೇ ಹೇಳಿದ್ದರು. ಅವನ ಬೆನ್ನು ಗೋಡೆಯ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅವಳ ಮುಖದಲ್ಲಿ ನಾನು ಕಂಡಿರದ ಒಂದು ನಿರಾಳ ಇತ್ತು. ಕಂಡಿರದ ಅಂದೆ. ಅವಳು ಓಡುವಾಗ ಅವಳ ಮುಖವನ್ನು ನಾನು ಕಂಡಿದ್ದೇ ಕಡಿಮೆ. ಇಷ್ಟು ವರ್ಷ ಅದು ನನ್ನ ಬೆನ್ನ ಹಿಂದೆ ಇತ್ತು.

ಅರ್ಧಕ್ಕಿಂತ ಮುಂದೆ ಹೋದ ಮೇಲೆ ಸಮುದ್ರದ ಪಕ್ಕದಲ್ಲಿ ರಸ್ತೆ ತಿರುಗಿತು. ಎದುರುಗಾಳಿ ಇರಬೇಕು, ಬಾವುಟಗಳು ಇವರ ಕಡೆಗೆ ಹಾರುತ್ತಿದ್ದವು. ಅವಳು ಅವನಿಂದ ಸ್ವಲ್ಪ ಹಿಂದೆ ಬಿದ್ದಳು. ಆಗ ಅವನು ಎಡಗೈಯನ್ನು ಸೊಂಟದ ಹಿಂದಕ್ಕೆ ತಂದು ಬೆರಳು ಕುಲುಕಿದ. ಅವಳು ಹತ್ತಿರವಾದಳು.

ಅದು ನನ್ನ ಕೈ. ನಮ್ಮ ಹಸುವಿನ ಹಗ್ಗ. ಅದನ್ನು ಅವಳೇ ಅವನಿಗೆ ಹೇಳಿಕೊಟ್ಟಿರಬೇಕು. ಬೆಳಿಗ್ಗೆ ಒಟ್ಟಿಗೆ ಮೈ ಕಾಯಿಸುವಾಗ, ಅರೆಬರೆ ಇಂಗ್ಲಿಷಿನಲ್ಲಿ, ತನ್ನ ಕೈಯನ್ನೇ ಹಿಂದಕ್ಕೆ ತಂದು ತೋರಿಸುತ್ತಾ. ಅವರಿಬ್ಬರೂ ನಗುವುದು ಕೂಡ ನನಗೆ ಕಂಡಿತು. ಕೆರೆಯಲ್ಲಿ ನೀರು ಕಂಡ ಹಾಗೆಯೇ ಸ್ಪಷ್ಟವಾಗಿ.

ಕೊನೆಯ ತಿರುವಿನಲ್ಲಿ ಅವನು ಪಕ್ಕಕ್ಕೆ ಸರಿದ. ಅವಳು ಒಬ್ಬಳೇ ಗೆರೆಯ ಕಡೆಗೆ ಹೋದಳು. ಕಾಮೆಂಟರಿಯವನು ಕೂಗಾಡಲು ಶುರು ಮಾಡಿದ. ವರ್ಷದ ಇಷ್ಟು ಬೇಗ, ಇಷ್ಟು ಚೆನ್ನಾಗಿ, ಇಂಥ ಕಡೆಯಿಂದ ಬಂದವಳು ಅಂತ. ಅಮ್ಮ ಕೆಲಸ ನಿಲ್ಲಿಸಿದಳು.

"ಅಯ್ಯೋ ಪಾಪಂ! ಗೆಲ್ಲೋ ಹೊತ್ನಲ್ಲಿ ದಾರಿ ಬಿಟ್ಟನಲ್ಲೋ. ಎಂಥಾ ದೊಡ್ಡ ಗುಣ!"

"ಅಮ್ಮಾ, ಅವ್ನು ಬಿಡಲೇಬೇಕು. ಅದೇ ಅವ್ನ ಕೆಲ್ಸ."

"ನೀನು ಬಿಟ್ಟಿದ್ದೀಯೇನೋ ಒಂದು ದಿನನಾದ್ರೂ?"

ಬಿಟ್ಟಿರಲಿಲ್ಲ. ಏರಿಯ ಕೊನೆಯಲ್ಲಿ ತೂಬಿನ ಕಲ್ಲನ್ನು ಮೊದಲು ಮುಟ್ಟುತ್ತಿದ್ದವನು ಯಾವಾಗಲೂ ನಾನೇ. ಅಲ್ಲಿ ಪಕ್ಕಕ್ಕೆ ಸರಿಯಬೇಕು ಅಂತ ನನಗೆ ತೋಚಿಯೇ ಇರಲಿಲ್ಲ.

ಮಾರನೆಯ ದಿನ ಕಾರ್ಖಾನೆಯಲ್ಲಿ ಸ್ವೀಟು ಹಂಚಿದೆ. ನನ್ನ ಪಾಳಿಯ ಗೆಳೆಯನೊಬ್ಬ ಎರಡು ತುಂಡು ಎತ್ತಿಕೊಂಡು, "ಏನ್ ಗುರೂ, ಅಕ್ಕಾವ್ರಿಗೆ ಹೊಸ ಗಾಡಿ ಸಿಕ್ಕೈತಂತೆ, ಹಳೇದನ್ನ ಗುಜರಿಗ್ ಹಾಕ್ತೀಯಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ಅದೇ ವಾರ ಯಲ್ದೂರಿಗೆ ಹೋದೆ, ಮಾವನವರಿಗೆ ವಿಡಿಯೋ ತೋರಿಸಲು. ತೋಟ ಪೂರ್ತಿ ಹೂ ಬಿಟ್ಟಿತ್ತು. ಎಲೆಯೇ ಕಾಣದಷ್ಟು. ನಮ್ಮ ಕಡೆ ಹೂ ನೋಡಿಯೇ ತೋಟವನ್ನು ಗುತ್ತಿಗೆಗೆ ಹಿಡಿಯುವ ವ್ಯಾಪಾರಿಗಳಿದ್ದಾರೆ. ಅವತ್ತೂ ಒಬ್ಬ ಬಂದು ಮರದಿಂದ ಮರಕ್ಕೆ ಕತ್ತೆತ್ತಿಕೊಂಡು ಓಡಾಡುತ್ತಿದ್ದ. ಮಾವನವರು ವಿಡಿಯೋವನ್ನು ಕೊನೆಯವರೆಗೆ ನೋಡಿ, ಕಣ್ಣು ಒರೆಸಿಕೊಂಡು, ಆಮೇಲೆ ಮರದ ಕಡೆ ಕೈ ತೋರಿಸಿದರು.

"ಇದು ಮೊದಲನೇ ಹೂವು ಅಳಿಯಂದಿರೇ. ಮಂಜು ಬೀಳ್ಬೇಕು, ಗಾಳಿ ಬೀಸ್ಬೇಕು, ಜಿಗಿಹುಳ ಬರ್ಬೇಕು. ಆಮೇಲೆ ಎಷ್ಟು ಪಿಂದೆ ನಿಲ್ತದೆ ನೋಡೋಣ." ಪಿಂದೆ ಅಂದರೆ ಅವರ ತೆಲುಗು ಬೆರೆತ ಮಾತಿನಲ್ಲಿ ಎಳೆಯ ಕಾಯಿ. "ಮಗಳ್ದೂ ಅಷ್ಟೆ. ಇವಾಗ್ಲೇ ಕುಣೀಬಾರ್ದು."

ಅವರು ಅದನ್ನು ದೃಷ್ಟಿ ತಾಗದಿರಲಿ ಅಂತ ಹೇಳಿದ್ದು. ನನಗೆ ಅದು ಬೇರೆ ಥರ ಕೇಳಿಸಿತು. ಹಿಂದಿರುಗುವ ದಾರಿಯುದ್ದಕ್ಕೂ ಬೈಕಿನಲ್ಲಿ ಎಡಕ್ಕೂ ಬಲಕ್ಕೂ ಹೂ ತುಂಬಿದ ಮರಗಳನ್ನು ನೋಡುತ್ತಾ, ಇದರಲ್ಲಿ ಎಷ್ಟು ಉದುರುತ್ತದೆ, ಎಷ್ಟು ಉದುರಬಹುದು ಅಂತ ಅಂದಾಜು ಮಾಡುತ್ತಾ ಬಂದೆ. ಶ್ರೀನಿವಾಸಪುರ ದಾಟುವವರೆಗೂ ನಾನು ಮಾವಿನ ಬಗ್ಗೆ ಯೋಚಿಸುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಅವಳು ಫೋನು ಮಾಡಿದಾಗ ನಾನು ಕೈಯ ವಿಷಯ ಕೇಳಲಿಲ್ಲ. ಅವಳೇ ಬೇರೆ ವಿಷಯ ಎತ್ತಿದಳು. "ರೀ, ಕೋಚು ಬೇಸಿಗೆ ಪೂರ್ತಿ ಇಲ್ಲೇ ಇರು ಅಂತಾವ್ರೆ. ಟ್ರ್ಯಾಕ್ ಸೀಸನ್ ಮುಗಿಯೋವರೆಗೂ. ಪ್ರಾಕ್ಟೀಸ್‌ಗೆ ಆ ಪೇಸರ್ರೂ ಇರ್ತಾರಂತೆ. ಇಲ್ಲಾಂದ್ರೆ ಊರಿಗೆ ಬಂದು ನಿಮ್ಜೊತೆ ಪ್ರಾಕ್ಟೀಸ್ ಮಾಡಿ, ಪಂದ್ಯಕ್ಕೆ ಮಾತ್ರ ಬರೋದು. ನೀವೇನಂತೀರಾ?"

"ನಿಂಗೆ ಹೆಂಗನ್ಸುತ್ತೆ?"

"ನಾನು ನಿಮ್ಮನ್ನ ಕೇಳಿದ್ದು."

"ಊರಿಗೆ ಬರ್ತಿದ್ದೀಯಲ್ಲ, ಬಾ, ಮಾತಾಡೋಣ."

ಒಂದು ವಾರದ ರಜೆಗೆ ಬಂದಳು. ತೆಳ್ಳಗಾಗಿದ್ದಳು. ಅಮ್ಮನಿಗೆ ಅಲ್ಲಿಂದ ಒಂದು ಉಣ್ಣೆ ಟೋಪಿ ತಂದಿದ್ದಳು. ಅಮ್ಮ ಅದನ್ನು ಹಾಕಿಕೊಂಡೇ ಸಾರಿಗೆ ಒಗ್ಗರಣೆ ಹಾಕಿ, "ಅವ್ನಿಗೆ ಮದ್ವೆ ಆಗೈತಾ?" ಅಂತ ಕೇಳಿದಳು.

"ಯಾರಿಗತ್ತೆ?"

"ಮುಂದೆ ಓಡ್ತಿದ್ನಲ್ಲ, ಆ ಮರ್ಯಾದಸ್ಥ."

ಇವಳು ನಗುತ್ತಾ ಗೋಡೆಗೆ ಒರಗಿದಳು. "ಎರಡು ಮಕ್ಕಳವೆ ಅತ್ತೆ." ಅದು ನನಗೆ ಸಮಾಧಾನ ತರಬೇಕಿತ್ತು. ಅವನ ಮಕ್ಕಳ ಲೆಕ್ಕವೂ ಇವಳಿಗೆ ಗೊತ್ತಲ್ಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಏರಿಗೆ ಹೋದೆವು. ಶೂ ದಾರ ಕಟ್ಟಿಕೊಳ್ಳುತ್ತಾ, ಅವಳ ಮುಖ ನೋಡದೆ ಕೇಳಿದೆ.

"ಆ ಕೈಸನ್ನೆ ಅವ್ನಿಗೆ ನೀನೇ ಹೇಳ್ಕೊಟ್ಟಿದ್ದಾ?"

"ಯಾವ ಸನ್ನೆ?"

ಮಾಡಿ ತೋರಿಸಿದೆ. ಎಡಗೈ ಸೊಂಟದ ಹಿಂದೆ, ಬೆರಳು ಕುಲುಕು. ಅವಳು ಹುಬ್ಬು ಗಂಟಿಕ್ಕಿ ನೋಡಿದಳು, ಮೊದಲ ಸಲ ನೋಡುತ್ತಿರುವವರ ಹಾಗೆ.

"ಅವ್ರು ಹಂಗ್ ಮಾಡ್ತಾರಾ?"

"ಅವ್ನ್ ಬಿಡು ಕಣೇ, ನಾನು. ಇಷ್ಟು ವರ್ಷದಿಂದ ಮಾಡ್ತಿಲ್ವಾ? ಹತ್ರ ಬಾ ಅಂತ?"

"ನೀವಾ?" ಅಂದಳು. "ರೀ, ನಾನು ಕೈ ಎಲ್ಲಿ ನೋಡ್ತೀನಿ? ನಿಮ್ಮ ಹಿಮ್ಮಡಿ ನೋಡ್ತೀನಿ. ಮೇಲೆ ನೋಡಿದ್ರೆ ಆ ಭುಜ ಕುಣಿಯೋದು ಕಂಡು ನಗು ಬರುತ್ತೆ."

ನನಗೆ ಎರಡೇ ದಾರಿ ಹೊಳೆದಿದ್ದವು. ಅವಳು ಹೇಳಿಕೊಟ್ಟಿದ್ದರೆ ನಮ್ಮದನ್ನು ಕೊಟ್ಟುಬಿಟ್ಟಳು. ಹೇಳಿಕೊಡದಿದ್ದರೆ ಜಗತ್ತಿನ ಎಲ್ಲ ಪೇಸರ್‌ಗಳೂ ಹಾಗೇ ಮಾಡುತ್ತಾರೆ, ಅದು ನಮ್ಮದಾಗಿರಲೇ ಇಲ್ಲ. ಮೂರನೆಯದೊಂದು ಇರಬಹುದು, ಅವಳು ಅದನ್ನು ನೋಡೇ ಇಲ್ಲದಿರಬಹುದು ಅಂತ ಹೊಳೆದಿರಲಿಲ್ಲ. ಅಥವಾ ನನ್ನ ಮುಖ ನೋಡಿ, ನನ್ನ ಹೊಟ್ಟೆಕಿಚ್ಚಿನ ವಾಸನೆ ಹಿಡಿದು, ಆ ಗಳಿಗೆಯಲ್ಲೇ ಅವಳು ಹೆಣೆದ ಸುಳ್ಳೋ? ಅವಳು ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲಳು. ಮೊದಲ ವರ್ಷ ನನ್ನ ಅಡುಗೆಯನ್ನು ಹೊಗಳಿದವಳು.

"ಮುಂದೆ ಓಡ್ತೀರಾ?" ಅಂದಳು.

"ನೀನೇ ಮುಂದೆ ಹೋಗು."

"ಬೇಡ. ಅಜ್ಜಿ ನೋಡಿದ್ರೆ ಬೈತಾಳೆ. ಹೋಗ್ರೀ."

ಓಡಿದೆ. ಈಗ ಕೆರೆಯಲ್ಲಿ ನೀರಿತ್ತು, ನಿಜವಾದ ನೀರು. ಆದರೆ ಗಾಳಿಗೆ ಅದು ಸುಕ್ಕುಗಟ್ಟಿತ್ತು. ಏನೂ ಕಾಣುತ್ತಿರಲಿಲ್ಲ, ಆಕಾಶದ ಬಣ್ಣ ಬಿಟ್ಟು. ಭುಜ ಕುಣಿಯದ ಹಾಗೆ ಹಿಡಿದುಕೊಂಡೆ. ಅದರಿಂದ ಉಸಿರು ಕೆಟ್ಟಿತು. ಅರ್ಧ ಏರಿಯ ಹೊತ್ತಿಗೆ ನನ್ನ ಉಸಿರಿನ ಸದ್ದು ನನಗೇ ಜಾಸ್ತಿಯಾಯಿತು. ಹಿಂದಿನಿಂದ ಹೆಜ್ಜೆಯ ಸದ್ದು ಮಾತ್ರ ಬರುತ್ತಿತ್ತು. ಉಸಿರಿನ ಸದ್ದು ಇರಲಿಲ್ಲ. ಅವಳು ಏದುಸಿರು ಬಿಡುವಷ್ಟು ಜೋರಾಗಿ ನಾನು ಓಡುತ್ತಿರಲಿಲ್ಲ.

ತೂಬು ಕಾಣಿಸಿತು. ಆಗ ಹೆಜ್ಜೆ ಸ್ವಲ್ಪ ದೂರವಾದಂತೆ ಕೇಳಿಸಿ ಕೈ ಹಿಂದಕ್ಕೆ ಹೋಯಿತು. ಬೆರಳು ಕುಲುಕಿದೆ. ಹೆಜ್ಜೆ ಹತ್ತಿರ ಬಂತು. ಎಷ್ಟು ಹತ್ತಿರ ಅಂದರೆ ಅವಳ ಶೂ ನನ್ನ ಹಿಮ್ಮಡಿಗೆ ತಗುಲಿತು. ನಾನು ಎಡಕ್ಕೆ ಸರಿದೆ. ಅವಳು ಮುಂದೆ ಹೋದಳು, ಕಲ್ಲು ಮುಟ್ಟಿದಳು, ಮುಟ್ಟಿ ನಿಲ್ಲದೆ ಹಾಗೇ ಮೂಲೆಯ ಹುಣಸೆಮರದವರೆಗೆ ಹೋದಳು. ಅಲ್ಲಿಯವರೆಗೂ ನಾವು ಯಾವತ್ತೂ ಹೋಗಿರಲಿಲ್ಲ. ಮೇಕೆ ಅಜ್ಜಿ ನನ್ನನ್ನು ನೋಡಿ, "ಏನಪ್ಪಾ, ಬಿಟ್ಟೋದ್ಲಾ?" ಅಂದಳು. ನಾನು ಹುಣಸೆಮರದ ಕಡೆ ಕೈ ಎತ್ತಿ ತೋರಿಸಿದೆ.

ತಿರುಗಿ ಬರುವಾಗ ಅವಳು ನಡೆದೇ ಬಂದಳು. ನಾನು ಬಗ್ಗಿ ಮೊಣಕಾಲು ಹಿಡಿದುಕೊಂಡು ನಿಂತಿದ್ದೆ.

"ಹೋಗ್ತೀನಿ ರೀ," ಅಂದಳು.

"ಹೋಗು," ಅಂದೆ. ಮನಸ್ಸು ದೊಡ್ಡದು ಮಾಡಿ ಹೇಳಿದ್ದಲ್ಲ. ಇದ್ದ ಉಸಿರು ಅಷ್ಟು ಮಾತಿಗೆ ಮಾತ್ರ ಸಾಕಾಗಿತ್ತು.

ಹೋದಳು. ಈಗ ಟ್ರ್ಯಾಕಿನ ಓಟಗಳು ಶುರುವಾಗಿವೆ. ಅವುಗಳಲ್ಲಿ ಗಂಡಸರು ಪೇಸರ್ ಆಗುವಂತಿಲ್ಲ, ಅಭ್ಯಾಸದಲ್ಲಿ ಮಾತ್ರ ಅವನು ಮುಂದೆ ಓಡುತ್ತಾನೆ, ಅವಳು ಹಿಂದೆ. ಯಲ್ದೂರಿನ ತೋಟದಲ್ಲಿ ಪಿಂದೆ ಚೆನ್ನಾಗಿ ನಿಂತಿದೆ ಅಂತ ಮಾವನವರು ಫೋನು ಮಾಡಿದ್ದರು. ಅವಳು ಕಳಿಸುವ ಅಭ್ಯಾಸದ ವಿಡಿಯೋಗಳನ್ನು ನಾನು ಮೊಬೈಲನ್ನು ಅದೇ ಚೊಂಬಿಗೆ ಒರಗಿಸಿ ನೋಡುತ್ತೇನೆ. ಅವಳ ಕಣ್ಣು ಎಲ್ಲಿದೆ ಅಂತ ಹುಡುಕುತ್ತೇನೆ, ಅವನ ಕೈಯ ಮೇಲೋ ಹಿಮ್ಮಡಿಯ ಮೇಲೋ. ಚಿತ್ರ ಚಿಕ್ಕದು, ತಿಳಿಯುವುದಿಲ್ಲ. ಏರಿಯ ಮೇಲೆ ಆ ಬೆಳಿಗ್ಗೆ ನನ್ನ ಕೈ ಕಂಡು ಅವಳು ಹತ್ತಿರ ಬಂದಳೋ, ಇಲ್ಲ ದಣಿದು ನಾನೇ ನಿಧಾನವಾದೆನೋ, ಅದೂ ಗೊತ್ತಿಲ್ಲ. ಕೇಳಿದರೆ ಅವಳು ಏನೋ ಒಂದು ಹೇಳುತ್ತಾಳೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಾಗುವುದಿಲ್ಲ.